ಆಲಮಟ್ಟಿ, ಆಕ್ಸ್‌ಫರ್ಡ್ ಮತ್ತು ಬ್ಯಾರೇಜ್ ಸಿದ್ದು

ದೊಡ್ಡ ದೊಡ್ಡ ಯೋಜನೆಗಳು ಹೇಳಿದ ದಿನಕ್ಕೆ ಯಾಕೆ ಮುಗಿಯುವುದಿಲ್ಲ, ಹೇಳಿದ ದುಡ್ಡಿನಲ್ಲಿ ಯಾಕೆ ಮುಗಿಯುವುದಿಲ್ಲ ಅನ್ನುವುದನ್ನೇ ಜೀವನಪೂರ್ತಿ ಅಧ್ಯಯನ ಮಾಡುವ ಪ್ರೊಫೆಸರುಗಳು ಇದ್ದಾರೆ ಅಂತ ನಿಮಗೆ ಗೊತ್ತಾ? ನನಗೂ ಬಹಳ ದಿನ ಗೊತ್ತಿರಲಿಲ್ಲ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದರ ಬಗ್ಗೆ ಗೊತ್ತಿರುವುದು ಒಂದೇ ಪುಸ್ತಕ, ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದ 'ದಿ ಮಿಥಿಕಲ್ ಮ್ಯಾನ್-ಮಂತ್'. ಐಬಿಎಂನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಮ್ ಒಂದನ್ನು ಕಟ್ಟಿಸಿ, ಅದರ ಪಾಡು ಪಟ್ಟು, ಆಮೇಲೆ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಹೋದ ಮನುಷ್ಯ. ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನ ತುಂಬಿದರೆ ಅದು ಇನ್ನೂ ತಡವಾಗುತ್ತದೆ ಅಂದವನು ಅವನೇ. ಎಲ್ಲ ಮ್ಯಾನೇಜರುಗಳೂ ಇದನ್ನು ಓದಿರುತ್ತಾರೆ, ಓದಿದ ಮೇಲೂ ಜನ ತುಂಬುತ್ತಾರೆ :)

ಆದರೆ ಇವತ್ತು ಬರೆಯಹೊರಟಿದ್ದು ಸಾಫ್ಟ್‌ವೇರ್ ಬಗ್ಗೆ ಅಲ್ಲ, ಕೃಷ್ಣಾ ನದಿಯ ಬಗ್ಗೆ. ನಮ್ಮದು ಅಥಣಿ ತಾಲೂಕಿನ ಐಗಳಿ. ಅಥಣಿಯಿಂದ ವಿಜಯಪುರಕ್ಕೆ ಹೋಗುವ ರಸ್ತೆಯಲ್ಲಿ ಐಗಳಿ ಕ್ರಾಸ್ ಅಂತ ಬರುತ್ತಲ್ಲ, ಅದು. ತಾಲೂಕಿನ ದಕ್ಷಿಣಕ್ಕೆ ಕೃಷ್ಣಾ ಹರಿಯುತ್ತಾಳೆ. ಆ ದಂಡೆಯ ಊರುಗಳಲ್ಲಿ ಕಬ್ಬು, ಮಳೆಗಾಲದಲ್ಲಿ ಪ್ರವಾಹ. ನಮ್ಮ ಪೂರ್ವ ಭಾಗಕ್ಕೆ ಬಂದರೆ ಜೋಳ, ದ್ರಾಕ್ಷಿ, ಒಣದ್ರಾಕ್ಷಿಯ ಶೆಡ್ಡು, ಬೇಸಿಗೆಯಲ್ಲಿ ಟ್ಯಾಂಕರು. ಒಂದೇ ತಾಲೂಕಿನಲ್ಲಿ ಒಂದು ಕಡೆ ಜನರನ್ನು ದೋಣಿಯಲ್ಲಿ ಸಾಗಿಸುತ್ತಾರೆ, ಇನ್ನೊಂದು ಕಡೆ ನೀರನ್ನು ಲಾರಿಯಲ್ಲಿ ಸಾಗಿಸುತ್ತಾರೆ. ಹಾಗಾಗಿ 'ಯೋಜನೆ' ಅನ್ನುವ ಶಬ್ದ ನಮ್ಮ ಕಡೆ ಹುಡುಗರಿಗೂ ಬಾಯಿಪಾಠ. ಕೃಷ್ಣಾ ಮೇಲ್ದಂಡೆ ಯೋಜನೆ, ಹಿಪ್ಪರಗಿ ಯೋಜನೆ, ಏತ ನೀರಾವರಿ ಯೋಜನೆ... ನಮ್ಮ ಕಾಕಾ ಒಬ್ಬರು ಹೇಳುತ್ತಿರುತ್ತಾರೆ, "ಕೆನಾಲ್ ಬರ್ತೈತಿ ಅಂತ ನಮ್ಮಪ್ಪ ಹೇಳಿಕೋತ ಹೋದಾ, ಈಗ ನಾ ಹೇಳಾಕತ್ತೇನಿ, ಮುಂದ ನೀ ಹೇಳಾಂವ."

ಮೊದಲು ಆ ಪ್ರೊಫೆಸರುಗಳ ಕಥೆ ಹೇಳಿಬಿಡುತ್ತೇನೆ.

ಬೆಂಟ್ ಫ್ಲಿವ್‌ಬ್ಯರ್ಗ್ ಅಂತ ಒಬ್ಬ ಡೆನ್ಮಾರ್ಕಿನವರು (ಈ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡುವಷ್ಟರಲ್ಲಿ ಸಾಕುಬೇಕಾಯಿತು). ಮೊದಲು ಆಲ್ಬೋರ್ಗ್ ವಿಶ್ವವಿದ್ಯಾಲಯದಲ್ಲಿದ್ದರು, ಆಮೇಲೆ ಆಕ್ಸ್‌ಫರ್ಡಿಗೆ ಬಂದರು. 2002ರಲ್ಲಿ ಇವರು ಮತ್ತು ಇವರ ಜೊತೆಗಾರರು ಒಂದು ಪ್ರಬಂಧ ಪ್ರಕಟಿಸಿದರು. 20 ದೇಶಗಳ 258 ರೈಲು, ಸೇತುವೆ, ಸುರಂಗ, ರಸ್ತೆ ಯೋಜನೆಗಳ ಲೆಕ್ಕ ತೆಗೆದು ನೋಡಿದರೆ ಹತ್ತರಲ್ಲಿ ಒಂಬತ್ತರ ವೆಚ್ಚವನ್ನು ಮೊದಲು ಕಡಿಮೆ ಹೇಳಲಾಗಿತ್ತು. ಸರಾಸರಿ ಶೇ. 28ರಷ್ಟು ಹೆಚ್ಚು ಖರ್ಚಾಗಿತ್ತು, ರೈಲು ಯೋಜನೆಗಳಲ್ಲಂತೂ ಶೇ. 45. ಅಷ್ಟೇ ಆಗಿದ್ದರೆ 'ಅಂದಾಜು ತಪ್ಪೋದು ಸಹಜ' ಅನ್ನಬಹುದಿತ್ತು. ಅವರು ಎತ್ತಿದ ಪ್ರಶ್ನೆ ಬೇರೆ. ಅಂದಾಜು ಸಹಜವಾಗಿ ತಪ್ಪುವುದಾದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಬೇಕಲ್ಲ? ಎಪ್ಪತ್ತು ವರ್ಷಗಳಿಂದ ಯಾವಾಗಲೂ ಒಂದೇ ದಿಕ್ಕಿಗೆ ಯಾಕೆ ತಪ್ಪುತ್ತಿದೆ? ಕಂಪ್ಯೂಟರು ಬಂತು, ಲೆಕ್ಕ ಹಾಕುವ ವಿಧಾನ ಸುಧಾರಿಸಿತು, ಅಂದಾಜು ಮಾತ್ರ ಸುಧಾರಿಸಲಿಲ್ಲ. ಪ್ರಬಂಧದ ಶೀರ್ಷಿಕೆಯಲ್ಲೇ ಕೇಳಿಬಿಟ್ಟಿದ್ದರು, ಇದು ತಪ್ಪೋ ಅಥವಾ ಸುಳ್ಳೋ ಅಂತ.

ಎರಡು ಉತ್ತರ ಇವೆ. ಒಂದು ಮನಶ್ಶಾಸ್ತ್ರದವರದು. ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಹೇಳಿದ್ದು, ಮನುಷ್ಯ ತನ್ನ ಕೆಲಸವನ್ನು ಒಳಗಿನಿಂದ ಮಾತ್ರ ನೋಡುತ್ತಾನೆ, ಇಂಥದೇ ಕೆಲಸ ಬೇರೆಯವರಿಗೆ ಎಷ್ಟು ದಿನ ಹಿಡಿಯಿತು ಅಂತ ವಿಚಾರಿಸುವುದಿಲ್ಲ. ಕಾಹ್ನೆಮನ್ ಹೇಳುವ ಅವರದೇ ಅನುಭವ ಮಜವಾಗಿದೆ. ಇಸ್ರೇಲಿನಲ್ಲಿ ಶಾಲೆಗೆ ಒಂದು ಪಠ್ಯಪುಸ್ತಕ ತಯಾರಿಸುವ ತಂಡ. ಎಲ್ಲರೂ ಸುಮಾರು ಎರಡು ವರ್ಷದಲ್ಲಿ ಮುಗಿಯುತ್ತೆ ಅಂದರು. ತಂಡದಲ್ಲಿದ್ದ ಪಠ್ಯಕ್ರಮದ ಪರಿಣತರೊಬ್ಬರನ್ನು 'ಇಂಥ ಬೇರೆ ತಂಡಗಳಿಗೆ ಎಷ್ಟು ಹಿಡಿದಿದೆ?' ಅಂತ ಕೇಳಿದರೆ ಅವರು ಸ್ವಲ್ಪ ಯೋಚಿಸಿ, ಏಳು ವರ್ಷಕ್ಕಿಂತ ಕಡಿಮೆ ಯಾರಿಗೂ ಇಲ್ಲ, ಎಷ್ಟೋ ತಂಡಗಳು ಮುಗಿಸಲೇ ಇಲ್ಲ ಅಂದರಂತೆ. ಒಂದು ನಿಮಿಷದ ಹಿಂದೆ ಎರಡು ವರ್ಷ ಅಂದಿದ್ದವರಲ್ಲಿ ಆ ಪರಿಣತರೂ ಒಬ್ಬರು! ಕೊನೆಗೆ ಹಿಡಿದದ್ದು ಎಂಟು ವರ್ಷ.

ಇನ್ನೊಂದು ಉತ್ತರ ರಾಜಕೀಯದ್ದು. ನಿಜವಾದ ಲೆಕ್ಕ ಹೇಳಿದರೆ ಯೋಜನೆಗೆ ಮಂಜೂರಾತಿಯೇ ಸಿಗುವುದಿಲ್ಲ, ಆದ್ದರಿಂದ ಕಡಿಮೆ ಹೇಳು, ಗುಂಡಿ ತೋಡು, ಆಮೇಲೆ ಯಾರು ನಿಲ್ಲಿಸುತ್ತಾರೆ ನೋಡೋಣ. ಇದನ್ನು ವಿವರಿಸಲು ನಮಗೆ ಆಕ್ಸ್‌ಫರ್ಡ್ ಬೇಕಾಗಿಲ್ಲ, ಬಿಡಿ. ನಮ್ಮ ಮೆಟ್ರೋ 2006ರಲ್ಲಿ ಮಂಜೂರಾದಾಗ ಮೊದಲ ಹಂತದ ವೆಚ್ಚ 6,395 ಕೋಟಿ ರೂಪಾಯಿ. 42 ಕಿ.ಮೀ. ಚಿಲ್ಲರೆಯ ಆ ಹಂತ 2017ರ ಜೂನ್‌ನಲ್ಲಿ ಪೂರ್ತಿಯಾದಾಗ 13,845 ಕೋಟಿ.

2014ರಲ್ಲಿ ಇದೇ ಆಕ್ಸ್‌ಫರ್ಡ್ ತಂಡ ಅಣೆಕಟ್ಟುಗಳಿಗೆ ಕೈಹಾಕಿತು. ಅತೀಫ್ ಅನ್ಸಾರ್, ಫ್ಲಿವ್‌ಬ್ಯರ್ಗ್ ಮತ್ತಿಬ್ಬರು ಸೇರಿ 1934ರಿಂದ 2007ರವರೆಗೆ 65 ದೇಶಗಳಲ್ಲಿ ಕಟ್ಟಿದ 245 ದೊಡ್ಡ ಅಣೆಕಟ್ಟುಗಳನ್ನು ನೋಡಿದರು. ಹಣದುಬ್ಬರ ಬಿಟ್ಟು ಲೆಕ್ಕ ಹಾಕಿದರೂ ವೆಚ್ಚ ಸರಾಸರಿ ಶೇ. 96 ಹೆಚ್ಚು, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಹತ್ತರಲ್ಲಿ ಎಂಟು ಅಣೆಕಟ್ಟುಗಳು ತಡ. ಒಂದು ಅಣೆಕಟ್ಟು ಕಟ್ಟಲು ಸರಾಸರಿ 8.6 ವರ್ಷ.

8.6 ವರ್ಷ ಅಂತ ಓದಿದಾಗ ನನಗೆ ನಗು ಬಂತು. ಯಾಕೆಂದರೆ ನಮ್ಮ ಆಲಮಟ್ಟಿಗೆ 42 ವರ್ಷ.

1963ರ ಕೊನೆಗೆ ಯೋಜನಾ ಆಯೋಗ ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲ ಹಂತಕ್ಕೆ ಒಪ್ಪಿಗೆ ಕೊಟ್ಟಾಗ ಅಂದಾಜು 58.20 ಕೋಟಿ ರೂಪಾಯಿ. 1964ರ ಮೇ 22ರಂದು ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಐದೇ ದಿನಕ್ಕೆ ನೆಹರೂ ತೀರಿಕೊಂಡರು, ಜೂನ್ 9ಕ್ಕೆ ಶಾಸ್ತ್ರಿಯವರೇ ಪ್ರಧಾನಿ. ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ರಂದು. ಜಲಾಶಯಕ್ಕೆ ಈಗ ಶಾಸ್ತ್ರಿಯವರದೇ ಹೆಸರು. ಅಡಿಗಲ್ಲು ಹಾಕಿದ ದಿನ ಹುಟ್ಟಿದ ಕೂಸು ಉದ್ಘಾಟನೆಯ ಹೊತ್ತಿಗೆ ಅಜ್ಜನಾಗಿದ್ದರೂ ನಮ್ಮ ಕಡೆ ಆಶ್ಚರ್ಯವಿಲ್ಲ. ಕೆಳಗಡೆಯ ನಾರಾಯಣಪುರ, ಅಂದರೆ ಬಸವಸಾಗರ, ಆಲಮಟ್ಟಿಗಿಂತ ಎಷ್ಟೋ ಮೊದಲು, 1982ರಲ್ಲೇ ಮುಗಿದಿತ್ತು.

ಇದಕ್ಕೆಲ್ಲ 'ಸರ್ಕಾರಿ ಕೆಲಸ, ಆಲಸ್ಯ' ಅಂತ ಒಂದೇ ಮಾತಿನಲ್ಲಿ ಮುಗಿಸುವವರು ಬಹಳ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಅಡಿಗಲ್ಲು ಹಾಕಿದಾಗ ನದಿಯಲ್ಲಿ ನಮ್ಮ ಪಾಲೆಷ್ಟು ಅಂತಲೇ ತೀರ್ಮಾನವಾಗಿರಲಿಲ್ಲ. ಬಚಾವತ್ ನ್ಯಾಯಮಂಡಳಿ ತೀರ್ಪು ಕೊಟ್ಟಿದ್ದು 1973ರಲ್ಲಿ, ಅಂತಿಮವಾಗಿ ಗೆಜೆಟ್ಟಿಗೆ ಬಂದಿದ್ದು 1976ರಲ್ಲಿ. ಅದರ ಪ್ರಕಾರ ಮೇಲ್ದಂಡೆ ಯೋಜನೆಯ ಎರಡು ಹಂತಗಳಿಗೆ ಸೇರಿ 173 ಟಿಎಂಸಿ ನೀರು. ಆಮೇಲೆ ವಿಶ್ವಬ್ಯಾಂಕ್ ಸಾಲ ಬಂತು, ಮುಳುಗಡೆಯವರ ಪುನರ್ವಸತಿ ಸರಿಯಾಗಿಲ್ಲ ಅಂತ 1990ರ ದಶಕದಲ್ಲಿ ಅದೇ ವಿಶ್ವಬ್ಯಾಂಕ್ ಹಣ ತಡೆಹಿಡಿಯಿತು. ಇದರ ಮಧ್ಯೆ ಎಷ್ಟು ಜನ ಮುಖ್ಯಮಂತ್ರಿಗಳು, ನೀರಾವರಿ ಮಂತ್ರಿಗಳು, ಮುಖ್ಯ ಇಂಜಿನಿಯರುಗಳು ಬಂದು ಹೋದರು ಅಂತ ಎಣಿಸುವುದೇ ಬೇಡ. ಮೇಲ್ದಂಡೆ ಯೋಜನೆ ಅಂದರೆ ನಮ್ಮ ಜಿಲ್ಲೆಯಲ್ಲಿ ಹಿರಿಯರು ಈಗಲೂ ನೆನೆಯುವ ಇಂಜಿನಿಯರ್ ಹೆಸರು ಎಸ್. ಜಿ. ಬಾಳೇಕುಂದ್ರಿ ಅವರದು. ಬೆಳಗಾವಿಯಲ್ಲಿ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜೇ ಇದೆ. ಆದರೆ 42 ವರ್ಷದ ಕೆಲಸವನ್ನು ಯಾವ ಒಬ್ಬ ಇಂಜಿನಿಯರೂ ಮುನ್ನಡೆಸಲಾರ, ಅಷ್ಟರಲ್ಲಿ ಒಂದು ಇಡೀ ನೌಕರಿಯೇ ಮುಗಿದಿರುತ್ತದೆ.

ಈ ಮುನ್ನಡೆಸುವ ವಿಷಯವೇ ಬ್ರಿಟಿಷರಿಗೂ ತಲೆನೋವಾಗಿತ್ತು ನೋಡಿ. 2012ರಲ್ಲಿ ಅಲ್ಲಿನ ಸರ್ಕಾರ ತನ್ನ ದೊಡ್ಡ ಯೋಜನೆಗಳ ಮುಖ್ಯಸ್ಥರಿಗೆ ಪಾಠ ಹೇಳಲು ಆಕ್ಸ್‌ಫರ್ಡ್ ಜೊತೆ ಸೇರಿ ಒಂದು ಅಕಾಡೆಮಿಯನ್ನೇ ಶುರುಮಾಡಿತು. ಐಎಎಸ್ ದರ್ಜೆಯ ಅಧಿಕಾರಿಗಳನ್ನು ಮತ್ತೆ ಕ್ಲಾಸಿನಲ್ಲಿ ಕೂರಿಸಿದ ಹಾಗೆ. ಅದಕ್ಕೂ ಹಿಂದೆ, 2000ನೇ ಇಸವಿಯಲ್ಲಿ, ರೋಜರ್ ಮಿಲ್ಲರ್ ಮತ್ತು ಎಂಐಟಿಯ ಡೊನಾಲ್ಡ್ ಲೆಸ್ಸಾರ್ಡ್ 60 ದೊಡ್ಡ ಇಂಜಿನಿಯರಿಂಗ್ ಯೋಜನೆಗಳ ಮೇಲೆ ಒಂದು ಪುಸ್ತಕ ತಂದಿದ್ದರು. ಅದರಲ್ಲಿನ ಒಂದು ವಿಚಾರ ನನಗೆ ಬಹಳ ಹಿಡಿಸಿತು. ಗೆದ್ದ ಯೋಜನೆಗಳು ಮೊದಲ ದಿನವೇ ಸರಿಯಾಗಿ ಆರಿಸಿದವಲ್ಲ. ಹಣ ಕೊಡುವವರು, ಕಾನೂನು, ವಿರೋಧಿಸುವವರು ಎಲ್ಲರ ಜೊತೆ ವರ್ಷಗಟ್ಟಲೆ ಗುದ್ದಾಡಿ ರೂಪ ಕೊಟ್ಟವು. ಅಂದರೆ ನಾಯಕನ ಅರ್ಧ ಕೆಲಸ ಕಾಂಕ್ರೀಟಿಗೆ ಮೊದಲೇ ಇರುತ್ತದೆ.

ಇದಕ್ಕೆ ನಮ್ಮ ಕನ್ನಂಬಾಡಿಗಿಂತ ಒಳ್ಳೆ ಉದಾಹರಣೆ ಬೇಕಾ? 1911ರ ಅಕ್ಟೋಬರ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 81 ಲಕ್ಷ ರೂಪಾಯಿ ಮಂಜೂರು ಮಾಡಿದರು. ಆದರೆ ಮದ್ರಾಸ್ ಸರ್ಕಾರ ಪೂರ್ತಿ ಎತ್ತರಕ್ಕೆ ಒಪ್ಪಲಿಲ್ಲ, ಸಣ್ಣ ಜಲಾಶಯಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ವಿಶ್ವೇಶ್ವರಯ್ಯನವರು ಏನು ಮಾಡಿದರು? ಅಡಿಪಾಯವನ್ನು ಮಾತ್ರ ಮೂಲ ಯೋಜನೆಯ ಎತ್ತರಕ್ಕೆ ಬೇಕಾದಷ್ಟು ಅಗಲವಾಗಿಯೇ ಹಾಕಿಸಿದರು. ಜಗಳ ನಡೆಯಿತು, ಪಂಚಾಯ್ತಿಗೆ ಹೋಯಿತು, 1924ರಲ್ಲಿ ಒಪ್ಪಂದವಾಯಿತು. ಕಟ್ಟೆ ಮುಗಿದಾಗ 1930ರ ದಶಕ ಬಂದಿತ್ತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದು 1918ರಲ್ಲಿ. ಅವರು ಹೋದ ಮೇಲೂ ಅವರ ಅಡಿಪಾಯ ವಾದ ಮಾಡುತ್ತಾ ಕೂತಿತ್ತು ಅನ್ನಬಹುದು. ಆಕ್ಸ್‌ಫರ್ಡಿನ ಮಾಪನದಲ್ಲಿ ಇದು ಒಪ್ಪಿಗೆ ಸಿಗುವ ಮೊದಲೇ ದುಡ್ಡು ಹೂಡುವ ಅಪಾಯದ ಆಟ. ಮೈಸೂರಿನವರು ಕೇಳಿದರೆ ದೂರದೃಷ್ಟಿ. ಗೆದ್ದಿದ್ದಕ್ಕೆ ದೂರದೃಷ್ಟಿ ಆಯಿತು ಅನ್ನುವ ಅನುಮಾನ ನನಗೆ ಇದ್ದೇ ಇದೆ. ಮಂಡ್ಯದ ಸ್ನೇಹಿತರು ಬೈಯಬೇಡಿ!

ಆಲಮಟ್ಟಿಗೆ ವಾಪಸ್ ಬರೋಣ. ಮೂವತ್ತು ವರ್ಷ ತೆವಳಿದ ಕೆಲಸ 1990ರ ದಶಕದ ನಡುವೆ ಇದ್ದಕ್ಕಿದ್ದಂತೆ ಓಡತೊಡಗಿತು. ಕಾರಣ ಬಚಾವತ್ ತೀರ್ಪಿನಲ್ಲೇ ಇದ್ದ ಒಂದು ತಾರೀಖು, 2000ದ ಮೇ 31. ಅದಾದ ಮೇಲೆ ಹಂಚಿಕೆಯನ್ನು ಮರುಪರಿಶೀಲನೆ ಮಾಡಬಹುದು. ಅಷ್ಟರೊಳಗೆ ನಮ್ಮ ಪಾಲಿನ ನೀರು ಬಳಸಿಕೊಳ್ಳದಿದ್ದರೆ ಅದು ಕೈಬಿಟ್ಟು ಹೋದೀತು ಅನ್ನುವ ಭಯ ಇಡೀ ರಾಜ್ಯಕ್ಕೆ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಅಂತ ಕಂಪನಿ ಮಾಡಿದರು, ಸರ್ಕಾರದ ಖಾತರಿ ಇಟ್ಟು ಬಾಂಡುಗಳನ್ನು ಮಾರಿ ಪೇಟೆಯಿಂದ ದುಡ್ಡು ತಂದರು. ಬಜೆಟ್ಟಿನಲ್ಲಿ ವರ್ಷಕ್ಕಿಷ್ಟು ಅಂತ ಹನಿಹನಿಯಾಗಿ ಬರುತ್ತಿದ್ದ ಹಣ ಒಟ್ಟಿಗೆ ಬಂತು, ಕೆಲಸವೂ ನಡೆಯಿತು. ಡೆಡ್‌ಲೈನಿನ ಮಹಿಮೆ ಸಾಫ್ಟ್‌ವೇರಿಗೆ ಮಾತ್ರ ಅಲ್ಲ :)

ಓಡುವಾಗ ಎಡವಿದ್ದೂ ಉಂಟು. ಕರ್ನಾಟಕ ಗೇಟಿನ ಎತ್ತರವನ್ನು 524.256 ಮೀಟರಿಗೆ ಒಯ್ಯಲು ಹೊರಟಾಗ ಆಂಧ್ರ ಸಿಡಿದೆದ್ದಿತು. ಆಗ, 1996ರಲ್ಲಿ, ದೆಹಲಿಯಲ್ಲಿ ಪ್ರಧಾನಿ ನಮ್ಮ ದೇವೇಗೌಡರು. ಹೈದರಾಬಾದಿನಲ್ಲಿ ಚಂದ್ರಬಾಬು ನಾಯ್ಡು, ಇಬ್ಬರೂ ಒಂದೇ ಸಂಯುಕ್ತ ರಂಗದವರು! ಸಮಿತಿಯಾಯಿತು, ತಜ್ಞರು 519.6 ಮೀಟರ್ ಸಾಕು ಅಂದರು. ಕೊನೆಗೆ 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 519.6ಕ್ಕೆ ದಾರಿ ಮಾಡಿಕೊಟ್ಟಿತು. ಆ ಮಟ್ಟದಲ್ಲಿ ಜಲಾಶಯದಲ್ಲಿ ಸುಮಾರು 123 ಟಿಎಂಸಿ ನೀರು. ಹಿನ್ನೀರಿಗೆ ಹಳೇ ಬಾಗಲಕೋಟೆಯ ಭಾಗಗಳು ಹೋದವು, ಜನ ನವನಗರಕ್ಕೆ ಹೋದರು. ಆಕ್ಸ್‌ಫರ್ಡಿನ ಅಣೆಕಟ್ಟಿನ ಪ್ರಬಂಧದಲ್ಲಿ ಶೇ. 96 ಅಂತ ಹೇಳಿದೆನಲ್ಲ, ಅದರಲ್ಲಿ ಸಮಾಜಕ್ಕೆ, ಪರಿಸರಕ್ಕೆ ತಗಲುವ ವೆಚ್ಚ ಸೇರಿಲ್ಲ. ಅದು ಪ್ರಾಮಾಣಿಕ ಲೆಕ್ಕವೇ, ಅವರು ಹಾಗಂತ ಹೇಳಿಯೂ ಇದ್ದಾರೆ. ಆದರೆ ಬಾಗಲಕೋಟೆಯಲ್ಲಿ ಅಂಗಡಿ ಕಳೆದುಕೊಂಡವನ ಲೆಕ್ಕ ಯಾವ ಕಾಲಮ್ಮಿಗೆ ಹೋಗಬೇಕು? ನಮ್ಮ ಕೆಲಸದಲ್ಲಿ ಎಸ್ಟಿಮೇಟ್ ತಪ್ಪಿದರೆ ಎರಡು ಶನಿವಾರ ಹೋಗುತ್ತವೆ, ಅಷ್ಟೇ. ಅಲ್ಲಿ ಮನೆ ಹೋಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಆಲಮಟ್ಟಿಯಿಂದ ನದಿಯಲ್ಲಿ ಮೇಲಕ್ಕೆ ಬಂದರೆ ಸಿಗುವ ಚಿಕ್ಕಪಡಸಲಗಿ. ಜಮಖಂಡಿ ತಾಲೂಕು. ಈ ಕಥೆ ಬೆಂಗಳೂರು ಕಡೆಯ ಬ್ಲಾಗಿಗರಿಗೆ ಎಷ್ಟು ಗೊತ್ತೋ ಕಾಣೆ, ಅದಕ್ಕೇ ಬರೆಯುತ್ತಿದ್ದೇನೆ.

ಕೃಷ್ಣಾ ಮಳೆಗಾಲದಲ್ಲಿ ಸಮುದ್ರ, ಬೇಸಿಗೆಯಲ್ಲಿ ಮರಳು. ದಂಡೆಯಲ್ಲಿ ಪಂಪ್‌ಸೆಟ್ ಇಟ್ಟುಕೊಂಡ ರೈತನಿಗೆ ಮಾರ್ಚ್ ಬಂತೆಂದರೆ ಎದೆ ಡವಡವ. ನದಿಗೆ ಒಂದು ಬ್ಯಾರೇಜ್ ಕಟ್ಟಿ ಮಳೆಗಾಲದ ಕೊನೆಯ ನೀರು ನಿಲ್ಲಿಸಿದರೆ ಬೇಸಿಗೆ ಕಳೆಯಬಹುದು ಅಂತ ಎಲ್ಲರಿಗೂ ಗೊತ್ತಿತ್ತು. ಸರ್ಕಾರದಿಂದ ಆಗಲಿಲ್ಲ. ಆಗ ಸಿದ್ದು ನ್ಯಾಮಗೌಡ ಎಂಬವರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿಕೊಂಡರು. ತಮ್ಮದೇ ದುಡ್ಡು ಕೂಡಿಸಿದರು, ತಾವೇ ಮೈಮುರಿದು ದುಡಿದರು, 1989ರಲ್ಲಿ ಬ್ಯಾರೇಜ್ ಎದ್ದು ನಿಂತಿತು. ಹೆಸರೇನು ಇಟ್ಟರು ಗೊತ್ತಾ? ಶ್ರಮಬಿಂದು ಸಾಗರ. ಬೆವರಿನ ಹನಿಗಳ ಸಾಗರ. ನ್ಯಾಮಗೌಡರಿಗೆ 'ಬ್ಯಾರೇಜ್ ಸಿದ್ದು' ಅಂತಲೇ ಹೆಸರು ಬಿತ್ತು. 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ಇವರು ಸೋಲಿಸಿದ್ದು ಯಾರನ್ನು ಅಂದುಕೊಂಡಿರಿ, ರಾಮಕೃಷ್ಣ ಹೆಗಡೆಯವರನ್ನು! ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರ ಮೇ ತಿಂಗಳಲ್ಲಿ, ಜಮಖಂಡಿಯಿಂದ ಶಾಸಕರಾಗಿ ಆಯ್ಕೆಯಾದ ಕೆಲವೇ ದಿನಕ್ಕೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಫ್ಲಿವ್‌ಬ್ಯರ್ಗ್ 2023ರಲ್ಲಿ ಡ್ಯಾನ್ ಗಾರ್ಡ್ನರ್ ಜೊತೆ ಬರೆದ ಪುಸ್ತಕದಲ್ಲಿ 16,000ಕ್ಕೂ ಹೆಚ್ಚು ಯೋಜನೆಗಳ ಲೆಕ್ಕ ಇದೆ. ಹೇಳಿದ ದುಡ್ಡು, ಹೇಳಿದ ಸಮಯ ಎರಡನ್ನೂ ಉಳಿಸಿಕೊಂಡವು ಶೇ. 8.5. ಹೇಳಿದ ಲಾಭವನ್ನೂ ಕೊಟ್ಟವು ಶೇ. 0.5 ಮಾತ್ರ. ಅವರ ಸಲಹೆ ಅಂದರೆ ಯೋಚನೆ ನಿಧಾನ ಮಾಡಿ, ಕೆಲಸ ಬೇಗ ಮುಗಿಸಿ, ಆದಷ್ಟು ಸಣ್ಣ ಸಣ್ಣ ಒಂದೇ ಥರದ ತುಂಡುಗಳನ್ನು ಜೋಡಿಸಿ ದೊಡ್ಡದನ್ನು ಕಟ್ಟಿ. ಓದಿದಾಗ ನನಗೆ ಕಣ್ಣ ಮುಂದೆ ಬಂದಿದ್ದು ನಮ್ಮ ಕಡೆಯ ಕೊಲ್ಹಾಪುರ ಮಾದರಿ ಬಾಂದಾರಗಳು. ಕಂಬ, ಕಂಬದ ನಡುವೆ ಹಲಗೆ. ಮಳೆಗಾಲಕ್ಕೆ ಹಲಗೆ ತೆಗಿ, ಮಳೆ ಹಿಂದಾದ ಮೇಲೆ ಹಾಕು. ಒಂದು ಕಲಿತರೆ ಹತ್ತು ಕಟ್ಟಬಹುದು.

ಚಿಕ್ಕಪಡಸಲಗಿಯವರ ಅಂದಾಜು ಯಾಕೆ ಕೆಡಲಿಲ್ಲ? ಇದು ನನ್ನ ಊಹೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು. ಅಲ್ಲಿ ಲೆಕ್ಕ ಹೇಳುವವನು, ದುಡ್ಡು ಕೊಡುವವನು, ನೀರು ಪಡೆಯುವವನು ಮೂವರೂ ಒಬ್ಬನೇ. ಸುಳ್ಳು ಹೇಳಿದರೆ ತನಗೆ ತಾನೇ ಹೇಳಿಕೊಳ್ಳಬೇಕು. ಆಲಮಟ್ಟಿಯಲ್ಲಿ ಅಂದಾಜು ಬರೆದವರು ಬೆಂಗಳೂರಿನಲ್ಲಿ, ಒಪ್ಪಿದವರು ದೆಹಲಿಯಲ್ಲಿ, ಸಾಲ ಕೊಟ್ಟವರು ವಾಷಿಂಗ್ಟನ್ನಿನಲ್ಲಿ, ಮುಳುಗಿದವರು ಬಾಗಲಕೋಟೆಯಲ್ಲಿ, ನೀರು ಪಡೆದವರು ಕಲಬುರಗಿ, ಯಾದಗಿರಿ, ರಾಯಚೂರಿನಲ್ಲಿ. ನಾಯಕತ್ವದ ಕೋರ್ಸು ಯಾವುದಿದ್ದರೂ ಈ ಏಳು ಊರುಗಳನ್ನು ಒಂದು ಮಾಡಲಾರದು.

ಹಾಗಂತ 'ಸಣ್ಣದೇ ಚೆಂದ' ಅಂತ ಹೇಳಿ ಎದ್ದು ಹೋಗುವ ಹಾಗೂ ಇಲ್ಲ. ನಾನು ಐಗಳಿಯವನು, ದಂಡೆಯವನಲ್ಲ. ಶ್ರಮಬಿಂದು ಸಾಗರದ ನೀರು ದಂಡೆಯ ಹೊಲಗಳಿಗೆ ಹತ್ತುತ್ತದೆ. ನಮ್ಮ ಎತ್ತರದ ಹೊಲಗಳಿಗೆ ಬರಬೇಕೆಂದರೆ ಮೈಲುಗಟ್ಟಲೆ ಪೈಪು, ದೊಡ್ಡ ಪಂಪ್‌ಹೌಸು, ಅದರ ಕರೆಂಟು, ರಾಜ್ಯರಾಜ್ಯಗಳ ಒಪ್ಪಂದ ಎಲ್ಲ ಬೇಕು. ರೈತರ ಸಂಘ ಅದನ್ನು ಮಾಡಲಾರದು. ಇನ್ನೊಂದು ಮಾತು, ಆಲಮಟ್ಟಿಯ ಹಿನ್ನೀರಿದೆ ಅಂತಲೇ ರೈತರು ಬೇಸಿಗೆಯಲ್ಲಿ ಆ ನೀರನ್ನು ಪಂಪ್ ಮಾಡಿ ಶ್ರಮಬಿಂದು ಸಾಗರ ತುಂಬಿಸಿಕೊಂಡದ್ದೂ ಇದೆ. 42 ವರ್ಷ ತಡವಾದ ದೊಡ್ಡಣ್ಣ ಬೆವರಿನ ತಮ್ಮನಿಗೆ ನೀರು ಕುಡಿಸಿದ ಹಾಗೆ.

ಈಗ ಮೂರನೇ ಹಂತ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಅದೇ ಹಳೇ ಜಗಳದ ಅಂಕಿ, ನೋಡಿ! ಆದರೆ ಸುಪ್ರೀಂ ಕೋರ್ಟಿನಲ್ಲಿ ಕೇಸಿರುವುದರಿಂದ ತೀರ್ಪು ಇನ್ನೂ ಗೆಜೆಟ್ಟಿಗೆ ಬಂದಿಲ್ಲ. ಈ ಹಂತದ ಅಂದಾಜು 2012ರ ಸುಮಾರಿಗೆ 17,207 ಕೋಟಿ, 2017ರಲ್ಲಿ 51,148 ಕೋಟಿ. ಈ ಏರಿಕೆಗೆ ಸುಳ್ಳು ಎಸ್ಟಿಮೇಟ್ ಕಾರಣ ಅಂತ ತಕ್ಷಣ ಹೇಳಿಬಿಡಬೇಡಿ. ನಡುವೆ 2014ರ ಜನವರಿಯಿಂದ ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂತು, ಭೂಮಿಗೆ ಕೊಡಬೇಕಾದ ಪರಿಹಾರ ಏರಿತು. ಅಂದರೆ ಬಾಗಲಕೋಟೆಯ ಅಂಗಡಿಯವನ ಲೆಕ್ಕ ಕೊನೆಗೂ ಒಂದು ಕಾಲಮ್ಮಿಗೆ ಬಂದು ಕೂತಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಅಂತ ತೀರ್ಮಾನಿಸಿತು, ಒಟ್ಟು ಖರ್ಚು 70,000 ಕೋಟಿಯ ಆಸುಪಾಸು. ಅದೇ ವರ್ಷ ಮಹಾರಾಷ್ಟ್ರದ ಮುಖ್ಯಮಂತ್ರಿ ಎತ್ತರ ಹೆಚ್ಚಿಸಬೇಡಿ, ಸಾಂಗ್ಲಿ ಕೊಲ್ಹಾಪುರ ಮುಳುಗುತ್ತವೆ ಅಂತ ಪತ್ರ ಬರೆದರು. 2005 ಮತ್ತು 2019ರ ಪ್ರವಾಹ ನೋಡಿದ ಅಥಣಿಯ ದಂಡೆಯ ಊರಿನವರಿಗೂ ಈ ವಾದ ಹೊಸದಲ್ಲ, ಅವರ ಮನೆಯಲ್ಲೂ ನೀರು ಬಂದಿತ್ತು.

ಫ್ಲಿವ್‌ಬ್ಯರ್ಗ್ ಹೇಳುವ ಮದ್ದು ಸರಳ. ನಿಮ್ಮ ಯೋಜನೆಯ ಒಳಗಿನ ಲೆಕ್ಕ ಬದಿಗಿಟ್ಟು, ಅದೇ ಜಾತಿಯ ಹಳೇ ಯೋಜನೆಗಳು ಎಷ್ಟು ತಪ್ಪಿದವು ಅನ್ನುವುದರಿಂದ ಶುರುಮಾಡಿ. ಬ್ರಿಟನ್ನಿನಲ್ಲಿ ಸಾರಿಗೆ ಯೋಜನೆಗಳಿಗೆ 2004ರಿಂದ ಈ ಪದ್ಧತಿ ಇದೆ. ನಮ್ಮಲ್ಲಿ ಇದನ್ನು ಮಾಡಲು ಬೇಕಾದ ಪಟ್ಟಿ ಊರೂರಿನ ಅಡಿಗಲ್ಲುಗಳ ಮೇಲೇ ಕೆತ್ತಿಟ್ಟಿದೆ, ತಾರೀಖಿನ ಸಮೇತ. ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಕಡೆಯ ಕೆನಾಲು, ಸೇತುವೆ, ಕೆರೆ, ರೈಲ್ವೆ ಗೇಟು ಯಾವುದಾದರೂ ಸರಿ, ಅಡಿಗಲ್ಲಿನ ತಾರೀಖು ಒಂದು, ಉದ್ಘಾಟನೆಯ ಕಲ್ಲಿನ ತಾರೀಖು ಒಂದು, ಎರಡನ್ನೂ ಬರೆದುಕೊಂಡು ಬನ್ನಿ. ನಿಮ್ಮ ನಿಮ್ಮ ಬ್ಲಾಗಿನಲ್ಲಿ ಹಾಕಿ, ನಾನು ಒಂದು ಕಡೆ ಕೂಡಿಸಿ ಪಟ್ಟಿ ಮಾಡುತ್ತೇನೆ. ಎರಡನೇ ಕಲ್ಲು ಇನ್ನೂ ಬಂದಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಐಗಳಿಯದ್ದು ನಾನು ಆಗಲೇ ಹಾಗೆ ಬಿಟ್ಟಿದ್ದೇನೆ.